ಕಿವಿಗೆ ಬೀಳದ ಇಂಗ್ಲಿಷ್: ಯಾದಗಿರಿ ಸೀಮೆಯ ಶಾಲೆಗಳಲ್ಲಿ ಆಲಿಸುವಿಕೆಯ ಚರಿತ್ರೆ

ಯಾದಗಿರಿ, ಶಹಾಪುರ, ಸುರಪುರ ತಾಲ್ಲೂಕುಗಳು 2009ರ ಡಿಸೆಂಬರ್ 30ರಂದು ಗುಲಬರ್ಗಾದಿಂದ ಬೇರ್ಪಟ್ಟು ಹೊಸ ಜಿಲ್ಲೆಯಾದವು. 2011ರ ಜನಗಣತಿಯಲ್ಲಿ ಇಲ್ಲಿನ ಸಾಕ್ಷರತೆ ಶೇ. 51.83, ರಾಜ್ಯದಲ್ಲೇ ಕನಿಷ್ಠ. ಇಲ್ಲಿಯ ಮಕ್ಕಳಿಗೆ ಇಂಗ್ಲಿಷ್ ಬರುವುದಿಲ್ಲ ಎಂಬ ಮಾತು ಬಂದಾಗಲೆಲ್ಲ ಬಡತನ, ಗುಳೆ, ಶಿಕ್ಷಕರ ಕೊರತೆ ಎಂಬ ಮೂರು ಕಾರಣಗಳನ್ನೇ ಹೇಳಲಾಗುತ್ತದೆ. ಮೂರೂ ನಿಜವೇ. ಆದರೆ ಈ ಸೀಮೆಗೆ ಇಂಗ್ಲಿಷ್ ಬಂದ ದಾರಿಯನ್ನು ಹಿಂದಿನಿಂದ ನೋಡುತ್ತ ಬಂದರೆ ಇನ್ನೊಂದು ಕಾರಣ ಕಾಣುತ್ತದೆ. ಇಲ್ಲಿ ಇಂಗ್ಲಿಷ್ ಯಾವತ್ತೂ ಮಕ್ಕಳ ಕಿವಿಗೆ ಬಿದ್ದ ಭಾಷೆಯಾಗಲಿಲ್ಲ, ಕಣ್ಣಿಗೆ ಕಂಡ ಅಕ್ಷರವಾಗಿಯೇ ಉಳಿಯಿತು.

ಸುರಪುರಕ್ಕೆ ಇಂಗ್ಲಿಷ್ ಬಂದದ್ದು ತೀರ ತಡವಾಗಿ ಅಲ್ಲ. 1840ರ ದಶಕದಲ್ಲೇ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಸುರಪುರ ಸಂಸ್ಥಾನದ ಬಾಲಕ ದೊರೆ ವೆಂಕಟಪ್ಪ ನಾಯಕನ ಉಸ್ತುವಾರಿ ಹೊತ್ತು ಅಲ್ಲಿದ್ದ. ಆದರೂ ಆ ಭಾಷೆ ಅರಮನೆ, ಬಂಗಲೆಗಳನ್ನು ದಾಟಿ ಊರೊಳಗೆ ಇಳಿಯಲಿಲ್ಲ. 1858ರಲ್ಲಿ ಬ್ರಿಟಿಷರ ವಿರುದ್ಧ ನಡೆದ ಬಂಡಾಯದ ಬಳಿಕ ಸಂಸ್ಥಾನ ಹೈದರಾಬಾದಿನ ನಿಜಾಮನ ಪಾಲಾಯಿತು. ನಿಜಾಮರ ಆಡಳಿತದಲ್ಲಿ ಉರ್ದು ಕಚೇರಿಯ ಭಾಷೆಯೂ ಮೇಲಿನ ಶಿಕ್ಷಣದ ಮಾಧ್ಯಮವೂ ಆಯಿತು. 1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯ ಉರ್ದುವಿನಲ್ಲೇ ಕಲಿಸುತ್ತ ಇಂಗ್ಲಿಷನ್ನು ಕಡ್ಡಾಯ ವಿಷಯವಾಗಿ ಮಾತ್ರ ಇಟ್ಟಿತು. ಇಲ್ಲೊಂದು ಸಂಗತಿಗೆ ಸಾಕಷ್ಟು ಗಮನ ಸಿಕ್ಕಿಲ್ಲ ಎಂದು ನನಗೆ ಅನಿಸುತ್ತದೆ. ಮನೆಯಲ್ಲಿ ಕನ್ನಡ ಆಡುವ ಮಕ್ಕಳು ಸಂತೆಯಲ್ಲಿ, ಓಣಿಯಲ್ಲಿ ಉರ್ದು ಕೇಳಿ ಕೇಳಿಯೇ ಕಲಿತರು. ಗುರುಮಠಕಲ್ ಕಡೆಯವರು ತೆಲುಗನ್ನೂ ಹಾಗೆಯೇ ಕಲಿತರು. ತಾಂಡಾದ ಮಗು ಮನೆಯ ಲಂಬಾಣಿಯ ಜೊತೆ ಕನ್ನಡವನ್ನು ಆಟದಲ್ಲೇ ಹಿಡಿಯುತ್ತದೆ. ಎರಡು ಮೂರು ಭಾಷೆ ಕಿವಿಯಿಂದ ಕಲಿಯುವುದು ಈ ನೆಲಕ್ಕೆ ಹೊಸದೇನಲ್ಲ. ಶಾಲೆ ಮಾತ್ರ ಆ ಶಕ್ತಿಯನ್ನು ಇಂಗ್ಲಿಷಿಗೆ ಬಳಸಿಕೊಳ್ಳಲಿಲ್ಲ.

1956ರ ಏಕೀಕರಣದ ನಂತರವೂ ಕನ್ನಡ ಶಾಲೆಗಳಲ್ಲಿ ಇಂಗ್ಲಿಷ್ ಬಹುಕಾಲ ಐದನೆಯ ತರಗತಿಯಿಂದ ಶುರುವಾಗುತ್ತಿತ್ತು. 2007-08ರಲ್ಲಿ ಅದು ಒಂದನೆಯ ತರಗತಿಗೆ ಬಂತು. ಚರ್ಚೆಯೆಲ್ಲ ಯಾವ ತರಗತಿಯಿಂದ ಎಂಬುದರ ಸುತ್ತಲೇ ನಡೆಯಿತು. ಯಾವ ರೀತಿ ಎಂಬುದು ಹಿಂದೆ ಬಿತ್ತು. ವರ್ಷ ಬದಲಾದರೂ ಬೋರ್ಡಿನ ಮೇಲಿನ ಅಕ್ಷರ ನಕಲು ಮಾಡುವುದು, ಸಾಲು ಓದಿ ಕನ್ನಡದಲ್ಲಿ ಅರ್ಥ ಹೇಳುವುದು ಬದಲಾಗದಿದ್ದರೆ ನಾಲ್ಕು ವರ್ಷ ಮೊದಲು ಶುರುವಾದದ್ದು ನಕಲು ಮಾಡುವ ಕೆಲಸ ಮಾತ್ರ.

ಬೇರೆ ದಾರಿ ಇರಲಿಲ್ಲವೆಂದೇನಲ್ಲ. ಭಾಷಾ ಬೋಧನೆಯ ತಜ್ಞ ಎನ್. ಎಸ್. ಪ್ರಭು 1979ರಿಂದ 1984ರವರೆಗೆ ನಡೆಸಿದ, ಬೆಂಗಳೂರು ಪ್ರಾಜೆಕ್ಟ್ ಎಂದೇ ಹೆಸರಾದ ಪ್ರಯೋಗದಲ್ಲಿ ಮಕ್ಕಳು ಶಿಕ್ಷಕರ ಇಂಗ್ಲಿಷ್ ಮಾತು ಕೇಳಿ ನಕ್ಷೆ, ರೈಲು ವೇಳಾಪಟ್ಟಿಗಳ ಸಮಸ್ಯೆ ಬಿಡಿಸುತ್ತಿದ್ದರು. ಮಾತಾಡಲೇಬೇಕೆಂಬ ಒತ್ತಾಯ ಇರಲಿಲ್ಲ. ಅವರಲ್ಲಿ ಹಲವರು ದೊಡ್ಡ ತರಗತಿಯವರಾದ್ದರಿಂದ ಪುಟ್ಟ ಮಕ್ಕಳ ವಿಷಯಕ್ಕೆ ಕೀನ್ಯಾದ ಸಾಕ್ಷ್ಯ ಹೆಚ್ಚು ಹತ್ತಿರ. ಅಲ್ಲಿ 1980ರ ದಶಕದಲ್ಲಿ ಮೊದಲ ಮೂರು ತರಗತಿಗಳಿಗೆ ರೇಡಿಯೊ ಮೂಲಕ ಇಂಗ್ಲಿಷ್ ಕಲಿಸಿದಾಗ ಕೇಳಿ ಅರ್ಥಮಾಡಿಕೊಳ್ಳುವ ಶಕ್ತಿ ಎದ್ದು ಕಾಣುವಂತೆ ಹೆಚ್ಚಿತು. ರೇಡಿಯೊಗೆ ಮಕ್ಕಳೇ ಉತ್ತರ ಕೊಡುವ ಈ ವಿಧಾನ ನಮಗೂ ಅಪರಿಚಿತವಲ್ಲ. ಆಕಾಶವಾಣಿಯಲ್ಲಿ ಶಾಲಾಮಕ್ಕಳಿಗಾಗಿ ಬರುತ್ತಿದ್ದ ‘ಚಿಣ್ಣರ ಚುಕ್ಕಿ’ ಕಾರ್ಯಕ್ರಮ ಇದೇ ಬಗೆಯದು.

ಶಿಕ್ಷಕರಿಗೇ ಇಂಗ್ಲಿಷ್ ಸರಾಗವಾಗಿ ಬಾರದಿರುವಾಗ ಮಕ್ಕಳು ಕೇಳುವುದಾದರೂ ಏನನ್ನು ಎಂಬ ಆಕ್ಷೇಪ ಗಟ್ಟಿಯಾದದ್ದು. ಆದರೆ ಎಳೆಯರಿಗೆ ಬೇಕಾದ ಆಲಿಸುವ ಚಟುವಟಿಕೆಗೆ ನಿರರ್ಗಳ ಭಾಷಣ ಬೇಕಿಲ್ಲ. ‘ಡ್ರಾ ಎ ಹಿಲ್’ ಎಂದಾಗ ಶಹಾಪುರದ ಮಗು ತಾನು ದಿನಾ ನೋಡುವ ಮಲಗಿದ ಬುದ್ಧನ ಗುಡ್ಡವನ್ನೇ ಸ್ಲೇಟಿನ ಮೇಲೆ ಬರೆಯಬಹುದು. ‘ಡ್ರಾ ಎ ಟ್ರೀ ಬಿಲೋ ದ ಹಿಲ್’ ಎಂದಾಗ ಮರ ಗುಡ್ಡದ ನೆತ್ತಿಗೆ ಹೋಯಿತೋ ಬುಡಕ್ಕೆ ಬಂತೋ ನೋಡಿದರೆ ‘ಬಿಲೋ’ ತಿಳಿಯಿತೋ ಇಲ್ಲವೋ ಗೊತ್ತಾಗುತ್ತದೆ. ಮಗು ಬಾಯಿ ಬಿಡಬೇಕಾಗಿಲ್ಲ, ಸ್ಪೆಲಿಂಗ್ ಬರೆಯಬೇಕಾಗಿಲ್ಲ. ಇಂಥ ಇಪ್ಪತ್ತು ಮೂವತ್ತು ಆಜ್ಞಾವಾಕ್ಯಗಳನ್ನು ಯಾವ ಶಿಕ್ಷಕಿಯೂ ಸಿದ್ಧಮಾಡಿಕೊಳ್ಳಬಲ್ಲಳು. ಉಚ್ಚಾರಣೆ ನಮ್ಮ ಸೀಮೆಯದ್ದೇ ಆಗಿರುತ್ತದೆ ನಿಜ. ಅದರಿಂದ ಆಗುವ ನಷ್ಟ ಏನೂ ಕೇಳದೆ ಕೂರುವ ನಷ್ಟಕ್ಕಿಂತ ಬಹಳ ಸಣ್ಣದು.

ಕನ್ನಡದ ಓದುಬರಹವೇ ನೆಟ್ಟಗಾಗದ ಕಡೆ ಇಂಗ್ಲಿಷಿನ ಹೊರೆ ಏಕೆ ಎಂದು ಕೇಳುವವರ ಕಳಕಳಿ ನನ್ನದೂ ಹೌದು. ಆಲಿಸುವಿಕೆಯ ಪರವಾದ ಬಲವಾದ ವಾದ ಇಲ್ಲೇ ಇದೆ. ಮೊದಲ ಎರಡು ವರ್ಷ ಇಂಗ್ಲಿಷ್ ಬರೀ ಕೇಳುವ, ಆಡುವ ವಿಷಯವಾಗಿದ್ದರೆ ಎರಡು ಲಿಪಿಗಳನ್ನು ಒಟ್ಟಿಗೆ ತಿದ್ದಬೇಕಾದ ಕಷ್ಟ ತಪ್ಪಿ ಅಕ್ಷರದ ಹೊತ್ತೆಲ್ಲ ಕನ್ನಡಕ್ಕೆ ಸಿಗುತ್ತದೆ. ಸುಗ್ಗಿ ಮುಗಿದ ಮೇಲೆ ತಂದೆತಾಯಿಯ ಜೊತೆ ಗುಳೆ ಹೋಗಿ ಬಂದ ಮಗುವಿಗೂ ಇದರಿಂದ ಅನುಕೂಲ: ತಪ್ಪಿಹೋದ ಪಾಠಗಳನ್ನು ನಕಲು ಮಾಡುವ ರಾಶಿ ಅದರ ಮುಂದೆ ಬೀಳುವುದಿಲ್ಲ, ಅಂದಿನ ಆಟಕ್ಕೆ ಅಂದೇ ಸೇರಬಹುದು.

ಬಲವಾದ ತಡೆ ಇರುವುದು ಪರೀಕ್ಷೆಯಲ್ಲಿ. ಎಸ್‌ಎಸ್‌ಎಲ್‌ಸಿಯಲ್ಲಿ ದ್ವಿತೀಯ ಭಾಷೆಯಾದ ಇಂಗ್ಲಿಷಿನ 100 ಅಂಕಗಳಲ್ಲಿ 80 ಬರವಣಿಗೆಗೆ, 20 ಆಂತರಿಕ ಮೌಲ್ಯಮಾಪನಕ್ಕೆ. ಮೇಲಿನ ತರಗತಿಯ ಈ ಲೆಕ್ಕಾಚಾರ ಕೆಳಗಿನ ತರಗತಿಯ ಪಾಠವನ್ನೂ ಆಳುತ್ತದೆ. ಆ 20ರಲ್ಲಿ ಕೇಳಿ ಉತ್ತರಿಸುವುದಕ್ಕೆಂದೇ ಐದು ಅಂಕ ಮೀಸಲಾದರೆ, ಅದರ ಸಿದ್ಧತೆ ಒಂದನೆಯ ತರಗತಿಯ ಸ್ಲೇಟಿನಿಂದಲೇ ಶುರುವಾಗಬೇಕಾಗುತ್ತದೆ.