ಹೆಸರಿಗಿಂತ ಮುಂಚಿನ ಜನ

ಐದನೆಯ ಶತಮಾನದಲ್ಲಿ ರೋಮನ್ ಆಳ್ವಿಕೆ ಕಳಚಿಬಿದ್ದ ಬ್ರಿಟನ್ನಿನ ಕರಾವಳಿಯಲ್ಲಿ ಬಂದಿಳಿದ ಜರ್ಮಾನಿಕ್ ಜನರು ಆಂಗ್ಲೋ-ಸ್ಯಾಕ್ಸನ್ ಎಂಬ ಜೋಡುಹೆಸರನ್ನು ಕೇಳಿಯೂ ಇರಲಾರರು. ನೆರೆಯ ವೆಲ್ಷರು ಅವರೆಲ್ಲರನ್ನೂ ಸ್ಯಾಕ್ಸನರೆಂದೇ ಕರೆದರು; ಬಂದವರಾದರೋ ಆ ನೆಲದ ಹಳಬರಿಗೇ ‘ಪರಕೀಯ’ರೆಂಬರ್ಥದ ಪದವನ್ನು ಅಂಟಿಸಿದರು. ವೆಲ್ಷ್ ಎಂಬುದು ಆ ಪದದ ಇಂದಿನ ರೂಪ.

ಇವರ ಮೂಲವನ್ನು ಕುರಿತ ವಿಚಾರವೆಲ್ಲ ಹೊರಟುದು ಇಬ್ಬರು ಕ್ರೈಸ್ತ ವಿರಕ್ತರ ಬರಹದಿಂದ. ಆರನೆಯ ಶತಮಾನದ ಗಿಲ್ಡಸನು ಸ್ವಜನರಾದ ಬ್ರಿಟನರ ಪಾಪಗಳನ್ನು ಹಳಿಯಹೊರಟ ಧರ್ಮೋಪದೇಶಕ. ಉತ್ತರದ ಶತ್ರುಗಳನ್ನು ತಡೆಯಲೆಂದು ಬ್ರಿಟನ್ನಿನ ಅರಸನೊಬ್ಬನು ಸ್ಯಾಕ್ಸನರನ್ನು ಕರೆಸಿ ಕೆಟ್ಟನೆಂಬ ಕಥೆ ಅವನದು. ಅದನ್ನೆತ್ತಿಕೊಂಡ ಬೀಡನು 731ರಲ್ಲಿ ಮುಗಿಸಿದ ತನ್ನ ಧರ್ಮೇತಿಹಾಸದಲ್ಲಿ, ಬಂದವರು ಆಂಗ್ಲರು, ಸ್ಯಾಕ್ಸನರು, ಜೂಟರೆಂಬ ಮೂರು ಕುಲದವರೆಂದೂ, ಕೆಂಟ್ ಜೂಟರಿಗೆ, ಎಸೆಕ್ಸ್ ಸಸೆಕ್ಸ್ ವೆಸೆಕ್ಸ್‌ಗಳು ಸ್ಯಾಕ್ಸನರಿಗೆ, ಮರ್ಸಿಯ ನಾರ್ತಂಬ್ರಿಯಾದಿಗಳು ಆಂಗ್ಲರಿಗೆ ಸಂದುವೆಂದೂ, ಗಡಿಕಲ್ಲು ನೆಟ್ಟಂತೆ ಹಂಚಿಕೊಟ್ಟನು. ಅದೇ ಗ್ರಂಥದ ಐದನೆಯ ಭಾಗದಲ್ಲಿ ಫ್ರಿಸಿಯನರು, ಡೇನರು, ಹೂಣರು ಮೊದಲಾದವರನ್ನೂ ಇವರ ಪೂರ್ವಿಕರ ಸಾಲಿನಲ್ಲಿ ಅವನೇ ಎಣಿಸಿರುವನು. ಆದರೆ ಭೂಪಟಕ್ಕೆ ಮೂರು ಬಣ್ಣಗಳೇ ಅನುಕೂಲವಾದುದರಿಂದಲೋ ಏನೋ, ಆ ಮಾತು ಬಹುಕಾಲ ಮೂಲೆಗೆ ಬಿದ್ದಿತು.

ಜೋಡುಹೆಸರು ಮೊದಲು ಕಾಣಬರುವುದು ಎಂಟನೆಯ ಶತಮಾನದ ಯೂರೋಪಿನಲ್ಲಿ, ದ್ವೀಪದ ಸ್ಯಾಕ್ಸನರನ್ನು ಜರ್ಮನಿಯ ಸ್ಯಾಕ್ಸನರಿಂದ ಬೇರ್ಪಡಿಸುವ ಸಲುವಾಗಿ. ಒಂಬತ್ತನೆಯ ಶತಮಾನದ ಕೊನೆಗೆ, ಮರ್ಸಿಯದ ಆಂಗ್ಲರನ್ನೂ ತನ್ನ ಛತ್ರದಡಿಗೆ ತಂದುಕೊಂಡ ವೆಸೆಕ್ಸಿನ ಆಲ್ಫ್ರೆಡ್ ಅರಸನು ಅದನ್ನು ಬಿರುದಾಗಿ ಧರಿಸಿದನು. ವಿಚಿತ್ರವೆಂದರೆ, ಅವನ ವಂಶದ ಮೂಲಪುರುಷನೆಂದು ಎಣಿಸಲ್ಪಟ್ಟ ಸರ್ಡಿಕನ ಹೆಸರು ಸ್ಯಾಕ್ಸನ್ ಭಾಷೆಯದಲ್ಲ, ಬ್ರಿಟನರದು.

ಮುಂದಿನ ಶತಮಾನಗಳು ಈ ಜನರಲ್ಲಿ ತಮಗೆ ಬೇಕಾದುದನ್ನು ಕಂಡುಕೊಂಡುವು. ಹದಿನಾರರಲ್ಲಿ ಆರ್ಚ್‌ಬಿಷಪ್ ಪಾರ್ಕರನಿಗೆ ಇವರು ಸುಧಾರಿತ ಇಗರ್ಜಿಯ ಸಾಕ್ಷಿಗಳು. ಹದಿನೇಳರಲ್ಲಿ ರಾಜವಿರೋಧಿಗಳಿಗೆ, ಇಂಗ್ಲೆಂಡನ್ನು ಗೆದ್ದ ನಾರ್ಮನರು ಹೇರಿದ ನೊಗಕ್ಕೆ ಮುಂಚಿನ ಸ್ವತಂತ್ರರು. ಹತ್ತೊಂಬತ್ತರಲ್ಲಿ ಕೆಂಬಲ್, ಫ್ರೀಮನ್ ಮುಂತಾದ ಇತಿಹಾಸಕಾರರ ಪಾಂಡಿತ್ಯ ದೊಡ್ಡದೇ. ಆದರೆ ಫ್ರೀಮನ್ನನ ಪುಟಗಳಲ್ಲಿ ಜನವು ಜನಾಂಗವಾಗಿ, ಜನಾಂಗವು ದರ್ಪವಾಗಿ ಉಬ್ಬಿದುದನ್ನು ಮುಚ್ಚಿಡಲಾಗದು.

ನೆಲವನ್ನೇ ಕೇಳುವ ಪದ್ಧತಿ 1913ರಲ್ಲಿ ಪುರಾತತ್ವಜ್ಞ ಲೀಡ್ಸ್ ಬರೆದ ಪುಸ್ತಕದಿಂದ ಬಲಗೊಂಡಿತು. 1939ರಲ್ಲಿ ಪೂರ್ವ ಇಂಗ್ಲೆಂಡಿನ ಸಟನ್ ಹೂ ದಿಬ್ಬದೊಳಗಿನ ಹಡಗುಸಮಾಧಿಯಲ್ಲಿ ಬೈಜಾಂಟಿಯಮ್ಮಿನ ಬೆಳ್ಳಿಯೂ ಸ್ವೀಡನ್ನಿನ ಶೈಲಿಯ ಶಿರಸ್ತ್ರಾಣವೂ ಒಟ್ಟಿಗೆ ದೊರೆತಾಗ, ಒಂದೇ ಬೇರಿನ ಕಲ್ಪನೆ ಸಡಿಲಿತು. ಅನಂತರ ಕೆಲವರು ವಲಸೆಯನ್ನೇ ಬೆರಳೆಣಿಕೆಯ ಯೋಧರಿಗಿಳಿಸಿ, ಉಳಿದುದೆಲ್ಲ ಸ್ಥಳೀಯರು ವೇಷಭಾಷೆಗಳನ್ನು ಬದಲಿಸಿದುದರ ಫಲವೆಂದರು. ಇದು ನನಗೆ ಎಂದೂ ಪೂರ್ತಿ ಒಪ್ಪಿಗೆಯಾಗಲಿಲ್ಲ. ಕೈಬೆರಳಷ್ಟು ಮಂದಿಯ ನುಡಿ, ನದಿಗಳ ಹೆಸರನ್ನು ಉಳಿಸಿ, ಹಳೆಯ ಭಾಷೆಯ ದಿನಬಳಕೆಯ ಪದಗಳನ್ನು ಹೆಚ್ಚುಕಡಮೆ ಒರಸಿಹಾಕುವುದು ಹೇಗೆ?

2022ರಲ್ಲಿ ಪ್ರಕಟವಾದ ಪ್ರಾಚೀನ ಡಿಎನ್ಎ ಸಂಶೋಧನೆ 460 ಮಂದಿಯ ಅವಶೇಷಗಳನ್ನು ಪರೀಕ್ಷಿಸಿ, ಪೂರ್ವ ಇಂಗ್ಲೆಂಡಿನವರ ವಂಶಾಂಶದಲ್ಲಿ ಶೇಕಡಾ 76ರವರೆಗೂ ಉತ್ತರಸಮುದ್ರದಾಚೆಯದೆಂದಿತು; ಹೆಂಗಸರೂ ಬಂದಿದ್ದರು. ಆದರೆ ಆಯುಧಸಹಿತ ಸಮಾಧಿಯಾದ ಗಂಡಸರಲ್ಲಿ ಬಂದವರೂ ಸ್ಥಳೀಯರೂ ಸಮಸಮವಾಗಿದ್ದರು. ಏಳನೆಯ ಶತಮಾನದ ಆದಿಯಲ್ಲಿ ಕೆಂಟಿನ ಅಪ್‌ಡೌನ್‌ನಲ್ಲಿ ಹೂಳಲ್ಪಟ್ಟ ಬಾಲಿಕೆಯೊಬ್ಬಳ ಪೂರ್ವಿಕರಲ್ಲಿ ಪಶ್ಚಿಮ ಆಫ್ರಿಕದವರೂ ಇದ್ದರು. ಮಡಕೆ, ಚಾಕು, ಬಾಚಣಿಗೆಗಳೊಡನೆ, ಅಕ್ಕಪಕ್ಕದವರಂತೆಯೇ ಅವಳನ್ನೂ ಮಲಗಿಸಿದ್ದರು.