ಉದ್ಯೋಗಸ್ಥಳದಲ್ಲಿ ನರವೈವಿಧ್ಯ ಮತ್ತು ನಾಯಕತ್ವ

ನರವೈವಿಧ್ಯ ಎಂಬುದು ಮನುಷ್ಯರ ಮೆದುಳುಗಳು ಗ್ರಹಿಸುವ, ಕಲಿಯುವ, ಗಮನ ಹರಿಸುವ ಮತ್ತು ಇತರರೊಡನೆ ವ್ಯವಹರಿಸುವ ರೀತಿಗಳಲ್ಲಿ ಸಹಜವಾಗಿಯೇ ಭಿನ್ನತೆ ಇರುತ್ತದೆ ಎಂಬುದನ್ನು ಸೂಚಿಸುವ ಪರಿಕಲ್ಪನೆಯಾಗಿದೆ. ಇಂಗ್ಲಿಷಿನ ನ್ಯೂರೋಡೈವರ್ಸಿಟಿ ಎಂಬ ಪದಕ್ಕೆ ಸಂವಾದಿಯಾಗಿ ಇದನ್ನು ಬಳಸಲಾಗುತ್ತದೆ. ಸ್ವಲೀನತೆ ಅಥವಾ ಆಟಿಸಂ, ಎಡಿಎಚ್‌ಡಿ, ಡಿಸ್ಲೆಕ್ಸಿಯಾ, ಡಿಸ್‌ಕ್ಯಾಲ್ಕುಲಿಯಾ, ಡಿಸ್‌ಪ್ರಾಕ್ಸಿಯಾ ಮತ್ತು ಟುರೆಟ್ ಸಿಂಡ್ರೋಮ್‌ಗಳು ಸಾಮಾನ್ಯವಾಗಿ ಇದರ ವ್ಯಾಪ್ತಿಯಲ್ಲಿ ಚರ್ಚಿತವಾಗುತ್ತವೆ. ಈ ಲಕ್ಷಣಗಳುಳ್ಳವರನ್ನು ನರಭಿನ್ನರು ಎನ್ನಬಹುದು. ಉದ್ಯೋಗಸ್ಥಳಕ್ಕೆ ಸಂಬಂಧಿಸಿದಂತೆ ಎರಡು ಪ್ರಶ್ನೆಗಳು ಮುಖ್ಯವಾಗಿವೆ: ನರಭಿನ್ನ ನೌಕರರೊಂದಿಗೆ ಮೇಲಧಿಕಾರಿಗಳು ಹೇಗೆ ಕೆಲಸ ಮಾಡಬೇಕು ಮತ್ತು ಅಂತಹ ನೌಕರರು ಸ್ವತಃ ನಾಯಕತ್ವದ ಸ್ಥಾನಕ್ಕೇರಲು ಇರುವ ಅಡ್ಡಿಗಳು ಯಾವುವು.

ಪರಿಕಲ್ಪನೆಯ ಹಿನ್ನೆಲೆ

1990ರ ದಶಕದಲ್ಲಿ ಸ್ವಲೀನತೆಯುಳ್ಳವರು ಅಂತರ್ಜಾಲದ ಗುಂಪುಗಳಲ್ಲಿ ನಡೆಸಿದ ಚರ್ಚೆಗಳಿಂದ ಈ ಪರಿಕಲ್ಪನೆ ರೂಪುಗೊಂಡಿತು. 1998ರಲ್ಲಿ ಆಸ್ಟ್ರೇಲಿಯಾದ ಜೂಡಿ ಸಿಂಗರ್ ಅವರ ಪ್ರಬಂಧದಲ್ಲಿಯೂ ಅಮೆರಿಕದ ಪತ್ರಕರ್ತ ಹಾರ್ವೆ ಬ್ಲೂಮ್ ಅವರ ಲೇಖನದಲ್ಲಿಯೂ ಈ ಪದ ಬಳಕೆಯಾಯಿತು. ದೀರ್ಘಕಾಲ ಪದದ ಕರ್ತೃತ್ವವನ್ನು ಸಿಂಗರ್ ಅವರೊಬ್ಬರಿಗೇ ಸಲ್ಲಿಸಲಾಗುತ್ತಿತ್ತು. ಇದು ಸಮುದಾಯದ ಸಾಮೂಹಿಕ ಸೃಷ್ಟಿಯೆಂದು ಇತ್ತೀಚಿನ ಸಂಶೋಧಕರು ವಾದಿಸಿದ್ದಾರೆ.

ಉದ್ಯೋಗದಲ್ಲಿನ ಅಡೆತಡೆಗಳು

ಬ್ರಿಟನ್ ಸರ್ಕಾರಕ್ಕಾಗಿ ರಾಬರ್ಟ್ ಬಕ್‌ಲ್ಯಾಂಡ್ ಅವರು ನಡೆಸಿ 2024ರಲ್ಲಿ ಪ್ರಕಟಿಸಿದ ಪರಿಶೀಲನೆಯ ಪ್ರಕಾರ, ಆ ದೇಶದಲ್ಲಿ ದುಡಿಯುವ ವಯಸ್ಸಿನ ಸ್ವಲೀನತೆಯುಳ್ಳವರಲ್ಲಿ ಹತ್ತರಲ್ಲಿ ಸುಮಾರು ಮೂವರು ಮಾತ್ರ ಉದ್ಯೋಗದಲ್ಲಿದ್ದರು. ಮೊದಲ ಅಡ್ಡಿ ಸಂದರ್ಶನದಲ್ಲಿಯೇ ಎದುರಾಗುತ್ತದೆ. ಕಣ್ಣಿಗೆ ಕಣ್ಣಿಟ್ಟು ಮಾತನಾಡುವುದು, ಅಸ್ಪಷ್ಟ ಪ್ರಶ್ನೆಗಳಿಗೆ ತಟ್ಟನೆ ಉತ್ತರಿಸುವುದು, ತನ್ನನ್ನು ತಾನೇ ಹೊಗಳಿಕೊಳ್ಳುವುದು ಮುಂತಾದ ಗುಣಗಳನ್ನು ಸಂದರ್ಶನ ಅಳೆಯುತ್ತದೆ. ಹುದ್ದೆಯ ನಿಜವಾದ ಕೆಲಸಕ್ಕೆ ಇವು ಅನೇಕ ವೇಳೆ ಅಗತ್ಯವೇ ಇರುವುದಿಲ್ಲ.

ಕೆಲಸ ದೊರೆತ ಬಳಿಕ ಗದ್ದಲ, ಪ್ರಖರವಾದ ಬೆಳಕು ಹಾಗೂ ಪದೇ ಪದೇ ಬದಲಾಗುವ ಆದ್ಯತೆಗಳು ತೊಂದರೆಯನ್ನುಂಟುಮಾಡುತ್ತವೆ. ಹಲವರು ತಮ್ಮ ಸಹಜ ನಡವಳಿಕೆಯನ್ನು ಮರೆಮಾಚಿ ಇತರರಂತೆ ತೋರಲು ಯತ್ನಿಸುತ್ತಾರೆ. ಇಂತಹ ನಿರಂತರ ಮರೆಮಾಚುವಿಕೆ ತೀವ್ರ ಬಳಲಿಕೆ ಮತ್ತು ಆತಂಕಕ್ಕೆ ಕಾರಣವಾಗಬಹುದು. ತಮ್ಮ ಸ್ಥಿತಿಯನ್ನು ಬಹಿರಂಗಪಡಿಸಿದರೆ ಬಡ್ತಿ ತಪ್ಪೀತೆಂಬ ಭಯ, ಬಹಿರಂಗಪಡಿಸದಿದ್ದರೆ ನೆರವು ಕೇಳಲಾಗದ ಸ್ಥಿತಿ ಇವೆರಡರ ನಡುವೆ ನೌಕರರು ಸಿಲುಕುತ್ತಾರೆ.

ನೇಮಕಾತಿ ಕಾರ್ಯಕ್ರಮಗಳು

ಡೆನ್ಮಾರ್ಕಿನ ಥೋರ್ಕಿಲ್ ಸೋನೆ ಅವರು, ತಮ್ಮ ಮಗನಿಗೆ ಸ್ವಲೀನತೆ ಇರುವುದು ತಿಳಿದ ನಂತರ, 2004ರಲ್ಲಿ ಸ್ಪೆಷಲಿಸ್ಟೆರ್ನೆ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಸಂದರ್ಶನದ ಬದಲಿಗೆ ಕೆಲಸವನ್ನು ಮಾಡಿಸಿಯೇ ಸಾಮರ್ಥ್ಯವನ್ನು ಅರಿಯುವ ವಿಧಾನವನ್ನು ಈ ಸಂಸ್ಥೆ ಬಳಕೆಗೆ ತಂದಿತು. ಜರ್ಮನಿಯ ಎಸ್‌ಎಪಿ ಕಂಪನಿಯು ಇದರ ಸಹಯೋಗದಲ್ಲಿ 2013ರಲ್ಲಿ ‘ಆಟಿಸಂ ಅಟ್ ವರ್ಕ್’ ಕಾರ್ಯಕ್ರಮವನ್ನು ಘೋಷಿಸಿತು. ಅದರ ಆರಂಭಿಕ ಪ್ರಯೋಗಗಳಲ್ಲೊಂದು ಕರ್ನಾಟಕದಲ್ಲಿ ನಡೆಯಿತು: ಬೆಂಗಳೂರಿನ ಎಸ್‌ಎಪಿ ಲ್ಯಾಬ್ಸ್‌ನಲ್ಲಿ ಸ್ವಲೀನತೆಯುಳ್ಳ ಕೆಲವರನ್ನು ತಂತ್ರಾಂಶ ಪರೀಕ್ಷಕರನ್ನಾಗಿ ನೇಮಿಸಿಕೊಳ್ಳಲಾಗಿತ್ತು. 2015ರಲ್ಲಿ ಮೈಕ್ರೋಸಾಫ್ಟ್ ಕೂಡ ಇಂತಹ ಪ್ರಯೋಗವನ್ನು ಆರಂಭಿಸಿತು.

ಮೇಲಧಿಕಾರಿಗಳ ಪಾತ್ರ

ನೌಕರರ ದೈನಂದಿನ ಅನುಭವವನ್ನು ಸಂಸ್ಥೆಯ ಘೋಷಣೆಗಳಿಗಿಂತ ಹೆಚ್ಚಾಗಿ ನೇರ ಮೇಲಧಿಕಾರಿಯ ನಡೆ ನಿರ್ಧರಿಸುತ್ತದೆ. ಸಾಮಾನ್ಯವಾಗಿ ಶಿಫಾರಸು ಮಾಡಲಾಗುವ ಕ್ರಮಗಳು ಇವು:

• ಮೌಖಿಕ ಸೂಚನೆಗಳನ್ನು ಬರಹದಲ್ಲಿಯೂ ನೀಡುವುದು
• ಕೆಲಸದ ಗಡುವು ಮತ್ತು ಆದ್ಯತೆಯನ್ನು ಸ್ಪಷ್ಟವಾಗಿ ತಿಳಿಸುವುದು
• ಸಭೆಯ ವಿಷಯಗಳನ್ನು ಮುಂಚಿತವಾಗಿ ಹಂಚುವುದು
• ಶಬ್ದ ತಡೆಯುವ ಹೆಡ್‌ಫೋನ್ ಅಥವಾ ಶಾಂತವಾದ ಆಸನಕ್ಕೆ ಅವಕಾಶ ನೀಡುವುದು
• ಲೋಪಗಳನ್ನು ಸೂಚ್ಯವಾಗಿ ಅಲ್ಲದೆ ನೇರವಾಗಿ, ಗೌರವದಿಂದ ತಿಳಿಸುವುದು

ಇವುಗಳಲ್ಲಿ ಬಹುಪಾಲು ಕ್ರಮಗಳಿಗೆ ಹೆಚ್ಚಿನ ವೆಚ್ಚವಿಲ್ಲ. ಇತರ ನೌಕರರಿಗೂ ಇವು ಉಪಯುಕ್ತವಾಗಿವೆ.

ಸಂವಹನದ ಕೊರತೆಯನ್ನು ನರಭಿನ್ನರ ಮೇಲೆ ಮಾತ್ರ ಹೊರಿಸುವುದು ಸರಿಯಲ್ಲವೆಂದು ಬ್ರಿಟನ್ನಿನ ಸಮಾಜಶಾಸ್ತ್ರಜ್ಞ ಡೇಮಿಯನ್ ಮಿಲ್ಟನ್ 2012ರಲ್ಲಿ ವಾದಿಸಿದರು. ಸ್ವಲೀನತೆಯುಳ್ಳವರು ಮತ್ತು ಇಲ್ಲದವರು ಪರಸ್ಪರರನ್ನು ಅರ್ಥಮಾಡಿಕೊಳ್ಳುವಲ್ಲಿ ಸಮಾನವಾಗಿ ಎಡವುತ್ತಾರೆ ಎಂಬುದು ಅವರ ‘ದ್ವಿಮುಖ ಸಹಾನುಭೂತಿ’ಯ ಸಿದ್ಧಾಂತ. ಕ್ಯಾಥರಿನ್ ಕ್ರಾಂಪ್ಟನ್ ಮತ್ತು ಸಂಗಡಿಗರ 2020ರ ಅಧ್ಯಯನದಲ್ಲಿ, ಸ್ವಲೀನತೆಯುಳ್ಳವರು ತಮ್ಮತಮ್ಮಲ್ಲಿ ಮಾಹಿತಿಯನ್ನು ಇತರರಷ್ಟೇ ಚೆನ್ನಾಗಿ ದಾಟಿಸಿದರು. ಮಿಶ್ರ ಗುಂಪುಗಳಲ್ಲಿ ಮಾತ್ರ ಮಾಹಿತಿ ಹೆಚ್ಚು ನಷ್ಟವಾಯಿತು. ಹೀಗಾಗಿ ಹೊಂದಿಕೊಳ್ಳುವ ಹೊಣೆ ನೌಕರನಷ್ಟೇ ಮೇಲಧಿಕಾರಿಗೂ ಸೇರಿದೆ.

ನರಭಿನ್ನ ನಾಯಕರು

ವರ್ಜಿನ್ ಸಮೂಹದ ರಿಚರ್ಡ್ ಬ್ರಾನ್ಸನ್ ಮತ್ತು ಹೂಡಿಕೆ ಉದ್ಯಮಿ ಚಾರ್ಲ್ಸ್ ಶ್ವಾಬ್ ತಮಗಿರುವ ಡಿಸ್ಲೆಕ್ಸಿಯಾದ ಬಗ್ಗೆ ಬಹಿರಂಗವಾಗಿ ಮಾತನಾಡಿದ್ದಾರೆ. ಜೆಟ್‌ಬ್ಲೂ ವಿಮಾನಯಾನ ಸಂಸ್ಥೆಯ ಸ್ಥಾಪಕ ಡೇವಿಡ್ ನೀಲ್‌ಮನ್ ಅವರಿಗೆ ಎಡಿಎಚ್‌ಡಿ ಇದೆ. ಐಕಿಯಾ ಸ್ಥಾಪಕ ಇಂಗ್ವರ್ ಕಂಪ್ರಾಡ್ ಅವರು ಡಿಸ್ಲೆಕ್ಸಿಯಾದಿಂದಾಗಿ ಸಂಖ್ಯಾ ಸಂಕೇತಗಳನ್ನು ನೆನಪಿಡಲು ಕಷ್ಟಪಡುತ್ತಿದ್ದರು. ಆದ್ದರಿಂದ ಕಂಪನಿಯ ಪೀಠೋಪಕರಣಗಳಿಗೆ ಊರು ಮತ್ತು ವ್ಯಕ್ತಿಗಳ ಹೆಸರುಗಳನ್ನಿಡುವ ಪದ್ಧತಿ ಬಂದಿತು.

ಲಂಡನ್ನಿನ ಕ್ಯಾಸ್ ಬಿಸಿನೆಸ್ ಸ್ಕೂಲಿನ ಜೂಲಿ ಲೋಗನ್ 2007ರಲ್ಲಿ ಅಮೆರಿಕದ ಉದ್ಯಮಿಗಳ ಸಮೀಕ್ಷೆ ನಡೆಸಿದಾಗ, ಶೇ. 35ರಷ್ಟು ಮಂದಿಯಲ್ಲಿ ಡಿಸ್ಲೆಕ್ಸಿಯಾದ ಲಕ್ಷಣಗಳು ವರದಿಯಾದವು. ದೊಡ್ಡ ಕಂಪನಿಗಳ ವ್ಯವಸ್ಥಾಪಕರಲ್ಲಿ ಈ ಪ್ರಮಾಣ ತೀರಾ ಕಡಿಮೆಯಿತ್ತು. ಇವು ಸ್ವಯಂ ವರದಿಯನ್ನು ಆಧರಿಸಿದ ಅಂಕಿಗಳಾದುದರಿಂದ ಎಚ್ಚರಿಕೆಯಿಂದ ಓದಬೇಕು. ಮೇಲೆ ಹೆಸರಿಸಿದವರಲ್ಲಿ ಎಲ್ಲರೂ ಸ್ವಂತ ಸಂಸ್ಥೆ ಕಟ್ಟಿದವರೇ ಎಂಬುದು ಗಮನಾರ್ಹ. ಇನ್ನೊಬ್ಬರ ಸಂಸ್ಥೆಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಏರುವ ಹಾದಿ ನರಭಿನ್ನರಿಗೆ ಹೆಚ್ಚು ಕಠಿಣವಾಗಿರಬಹುದೆಂಬ ಅನುಮಾನಕ್ಕೆ ಇದು ಎಡೆಮಾಡುತ್ತದೆ.

ಭಾರತದ ಕಾನೂನು

2017ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ, 2016, ಪಟ್ಟಿಮಾಡಿದ 21 ಬಗೆಯ ವೈಕಲ್ಯಗಳಲ್ಲಿ ಸ್ವಲೀನತೆ ಮತ್ತು ನಿರ್ದಿಷ್ಟ ಕಲಿಕಾ ನ್ಯೂನತೆಗಳು ಸೇರಿವೆ. ಎಡಿಎಚ್‌ಡಿಯನ್ನು ಪ್ರತ್ಯೇಕವಾಗಿ ಹೆಸರಿಸಿಲ್ಲ. ಸರ್ಕಾರಿ ಹುದ್ದೆಗಳಲ್ಲಿನ ಕನಿಷ್ಠ ಶೇ. 4ರ ಮೀಸಲಾತಿಯಲ್ಲಿ ಶೇ. 1ರ ಪಾಲನ್ನು ಸ್ವಲೀನತೆ, ಬೌದ್ಧಿಕ ವೈಕಲ್ಯ, ಕಲಿಕಾ ನ್ಯೂನತೆ, ಮಾನಸಿಕ ಅನಾರೋಗ್ಯ ಹಾಗೂ ಬಹುವಿಧ ವೈಕಲ್ಯವುಳ್ಳವರು ಹಂಚಿಕೊಳ್ಳುತ್ತಾರೆ. ಸರ್ಕಾರಿ ಸಂಸ್ಥೆಗಳು ನೌಕರರಿಗೆ ಸೂಕ್ತ ಹೊಂದಾಣಿಕೆಗಳನ್ನು ಒದಗಿಸಬೇಕು. ಖಾಸಗಿ ಸಂಸ್ಥೆಗಳೂ ಸಮಾನ ಅವಕಾಶದ ನೀತಿಯನ್ನು ಪ್ರಕಟಿಸಬೇಕು.

ಟೀಕೆಗಳು

ನರಭಿನ್ನತೆಯನ್ನು ‘ವಿಶೇಷ ಶಕ್ತಿ’ ಎಂದು ಬಣ್ಣಿಸುವ ಪ್ರವೃತ್ತಿ ಟೀಕೆಗೆ ಗುರಿಯಾಗಿದೆ. ಅಸಾಧಾರಣ ಪ್ರತಿಭೆ ಇದ್ದರೆ ಮಾತ್ರ ಉದ್ಯೋಗಕ್ಕೆ ಅರ್ಹತೆ ಎಂಬ ಅರ್ಥ ಇದರಿಂದ ಹೊಮ್ಮುತ್ತದೆ ಎಂಬುದು ಆಕ್ಷೇಪ. ಹಲವು ನೇಮಕಾತಿ ಕಾರ್ಯಕ್ರಮಗಳು ತಂತ್ರಾಂಶ ಮತ್ತು ದತ್ತಾಂಶದ ಕೆಲಸಗಳಿಗೇ ಸೀಮಿತವಾಗಿವೆ; ಹೆಚ್ಚಿನ ಆಸರೆ ಬೇಕಿರುವವರು ಅವುಗಳಿಂದ ಹೊರಗುಳಿಯುತ್ತಾರೆ. ನೇಮಕಗೊಂಡವರ ಸಂಖ್ಯೆಗೆ ಸಿಗುವ ಪ್ರಚಾರ, ಅವರಲ್ಲಿ ಎಷ್ಟು ಮಂದಿ ಬಡ್ತಿ ಪಡೆದರು ಎಂಬ ಪ್ರಶ್ನೆಗೆ ಸಿಗುವುದಿಲ್ಲ ಎಂಬ ಟೀಕೆಯೂ ಇದೆ.