ತಂತಿ ಕಾಯ್ದೆಯೂ ತಕರಾರು ಅರ್ಜಿಯೂ

ತನ್ನ ಹೊಲದ ಮೇಲೆ ಹೈಟೆನ್ಷನ್ ಲೈನ್ ಹಾಯುತ್ತದೆಂದು ತಿಳಿದ ರೈತ ಜಿಲ್ಲಾಧಿಕಾರಿಗೆ ಕೊಡುವ ತಕರಾರು ಅರ್ಜಿಯ ಬೇರು 1885ರ ಟೆಲಿಗ್ರಾಫ್ ಕಾಯ್ದೆಯಲ್ಲಿದೆ. ಆಗ ಭಾರತದಲ್ಲಿ ಜಲವಿದ್ಯುತ್ ಕೇಂದ್ರವೇ ಇರಲಿಲ್ಲ. ಡಾರ್ಜಿಲಿಂಗ್ ಬಳಿಯ ಸಿದ್ರಾಪೋಂಗ್ ಶುರುವಾದದ್ದು 1897ರಲ್ಲಿ. ಸುದ್ದಿ ಒಯ್ಯುವ ತಂತಿಗೆ ಬೇಕಿದ್ದುದು ಒಂದು ಗುಂಡಿ, ಒಂದು ಕಂಬ. ಅಷ್ಟಕ್ಕೆ ಭೂಸ್ವಾಧೀನವೇಕೆಂದು 10ನೇ ಕಲಂ ಒಡೆಯನ ಒಪ್ಪಿಗೆಯಿಲ್ಲದೆಯೇ ಕಂಬ ನೆಡುವ ಅಧಿಕಾರ ಕೊಟ್ಟಿತು. ಹಾನಿ ಆದಷ್ಟು ಕಡಿಮೆಯಿರಬೇಕು, ಆದ ಹಾನಿಗೆ ಪೂರ್ತಿ ಪರಿಹಾರ ಸಲ್ಲಬೇಕು ಎಂಬುದು ಷರತ್ತು.

1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿ.ಮೀ. ದೂರ ವಿದ್ಯುತ್ ಹರಿಯಿತು. ಅಂಥ ಮಾರ್ಗಗಳಿಗೂ ಟೆಲಿಗ್ರಾಫ್ ಅಧಿಕಾರವನ್ನೇ ದಯಪಾಲಿಸಬಹುದೆಂದು 1910ರ ವಿದ್ಯುತ್ ಕಾಯ್ದೆಯ 51ನೇ ಕಲಂ ಹೇಳಿತು. 2003ರ ಕಾಯ್ದೆಯ 164ನೇ ಕಲಂ ಅದನ್ನೇ ಉಳಿಸಿಕೊಂಡಿತು. ಕಂಬದ ಜಾಗಕ್ಕೆ ಗೋಪುರ ಬಂದಿತ್ತು, 400 ಕೆ.ವಿ. ಮಾರ್ಗಕ್ಕೆ ಸುಮಾರು 46 ಮೀಟರ್ ಅಗಲದ ಪಟ್ಟಿ ಬೇಕು, ಆ ಪಟ್ಟಿಯಲ್ಲಿ ಎತ್ತರದ ಮರ ನಿಲ್ಲುವಂತಿಲ್ಲ. ಕಾನೂನಿನ ಕಣ್ಣಿಗೆ ಕಂಬವೂ ಗೋಪುರವೂ ಒಂದೇ.

ಹೀಗಾಗಿ ತಕರಾರಿಗೆ ಉಳಿದ ಬಾಗಿಲು ಕಿರಿದು. ಜಮೀನಿನವನು ಅಡ್ಡ ನಿಂತರೆ ಕೆಲಸಕ್ಕೆ ಅವಕಾಶ ಕೊಡಿಸುವ ಆದೇಶವನ್ನು ಜಿಲ್ಲಾ ಮ್ಯಾಜಿಸ್ಟ್ರೇಟರು ಹೊರಡಿಸಬಹುದು. ಅದರ ನಂತರವೂ ತಡೆದರೆ ಅದು ಅಪರಾಧ. ಪರಿಹಾರ ಸಾಲದೆಂಬ ವ್ಯಾಜ್ಯ ಜಿಲ್ಲಾ ನ್ಯಾಯಾಧೀಶರಿಗೆ ಹೋಗುತ್ತದೆ. ಟೆಲಿಗ್ರಾಫ್ ಅಧಿಕಾರ ಪಡೆದ ಸಂಸ್ಥೆಗೆ ಒಡೆಯನ ಪೂರ್ವಾನುಮತಿ ಬೇಕಿಲ್ಲವೆಂದು ಸುಪ್ರೀಂ ಕೋರ್ಟ್ 2016ರ ಡಿಸೆಂಬರಿನಲ್ಲಿ ಸ್ಪಷ್ಟಪಡಿಸಿತು. ಅರ್ಜಿಗಳಿಂದ ದಕ್ಕಿದ್ದು ಹೆಚ್ಚಾಗಿ ಹಣದ ಲೆಕ್ಕ: ಕೇಂದ್ರದ 2015ರ ಮಾರ್ಗಸೂಚಿ ಗೋಪುರದ ಬುಡಕ್ಕೆ ಭೂಮಿಯ ಬೆಲೆಯ ಶೇ. 85, ತಂತಿಯಡಿಯ ಪಟ್ಟಿಗೆ ಗರಿಷ್ಠ ಶೇ. 15 ಎಂದಿತು; 2024ರಲ್ಲಿ ಅದು ಶೇ. 200 ಮತ್ತು ಶೇ. 30 ಆಯಿತು.

ದುಡ್ಡಿನಾಚೆಯ ತಕರಾರು ಕೊಡಗಿನಲ್ಲಿ ಎದ್ದಿತು. ಕೈಗಾ ಅಣುಸ್ಥಾವರದ ವಿದ್ಯುತ್ತಿನ ನೆಪದಲ್ಲಿ ರೂಪುಗೊಂಡ ಮೈಸೂರು–ಕೋಳಿಕೋಡ್ 400 ಕೆ.ವಿ. ಮಾರ್ಗ ಕಾಫಿ ತೋಟಗಳನ್ನೂ ಕಾಡನ್ನೂ ಸೀಳುತ್ತದೆ, ಕಾವೇರಿಯ ಜಲಾನಯನಕ್ಕೆ ಕುತ್ತು ಎಂದು ಕೂರ್ಗ್ ವೈಲ್ಡ್‌ಲೈಫ್ ಸೊಸೈಟಿ ವರ್ಷಗಟ್ಟಲೆ ಹೋರಾಡಿ ನ್ಯಾಯಾಲಯಕ್ಕೂ ಹೋಯಿತು. 2015ರಲ್ಲಿ ಮರಗಳು ಉರುಳಿದವು, ಮಾರ್ಗ ಪೂರ್ಣಗೊಂಡಿತು.

ಗೋವಾದಲ್ಲಿ ಬೇರೆಯಾಯಿತು. ಧಾರವಾಡದ ನರೇಂದ್ರದಿಂದ ಹೊರಡುವ 400 ಕೆ.ವಿ. ಮಾರ್ಗ ಮೊಲ್ಲೆಮ್ ಕಾಡಿನಲ್ಲಿ ಹೊಸ ಜಾಡು ಕಡಿಯುವುದಿತ್ತು. 2020ರ ಲಾಕ್‌ಡೌನ್ ದಿನಗಳಲ್ಲೇ ವಿದ್ಯಾರ್ಥಿಗಳು, ವಿಜ್ಞಾನಿಗಳು ಪತ್ರ ಬರೆಯತೊಡಗಿದರು. ಗೋವಾ ಫೌಂಡೇಶನ್ ಸುಪ್ರೀಂ ಕೋರ್ಟಿನ ಕೇಂದ್ರೀಯ ಉನ್ನತಾಧಿಕಾರ ಸಮಿತಿಯ ಬಳಿ ಹೋಯಿತು. ಇವರು ವಿದ್ಯುತ್ತೇ ಬೇಡವೆನ್ನಲಿಲ್ಲ, ಜಾಡನ್ನು ಪ್ರಶ್ನಿಸಿದರು. ಈಗಾಗಲೇ ಇದ್ದ 220 ಕೆ.ವಿ. ಮಾರ್ಗದ ಜಾಡನ್ನೇ ಬಳಸಬೇಕೆಂದು ಸಮಿತಿ 2021ರಲ್ಲಿ ಶಿಫಾರಸು ಮಾಡಿತು. ನ್ಯಾಯಾಲಯ 2022ರ ಏಪ್ರಿಲಿನಲ್ಲಿ ಒಪ್ಪಿತು. ಆದರೆ ಇಲ್ಲಿ ಕೈಹಿಡಿದದ್ದು ಅರಣ್ಯ ಕಾನೂನು, ಟೆಲಿಗ್ರಾಫ್ ಕಾಯ್ದೆಯಲ್ಲ.

ಟೆಲಿಗ್ರಾಂ ಸೇವೆ 2013ರ ಜುಲೈನಲ್ಲಿ ನಿಂತಿತು. 2023ರ ದೂರಸಂಪರ್ಕ ಕಾಯ್ದೆ 1885ರ ಕಾಯ್ದೆಯ ಜಾಗಕ್ಕೆ ಬಂದರೂ, ಕಂಬ ನೆಡುವ ಅಧಿಕಾರವಿರುವ ಹಳೆಯ ಕಾಯ್ದೆಯ 3ನೇ ಭಾಗವನ್ನು ವಿದ್ಯುತ್ ಮಾರ್ಗಗಳಿಗಾಗಿ ಹಾಗೆಯೇ ಉಳಿಸಿತು.